ಯಶವಂತಪುರ ಬರುವುದರೊಳಗೆ ಉತ್ತರ

ಆ ಪ್ರಶ್ನೆಗೆ ನಾನು ಸರಿಯುತ್ತರವನ್ನೇ ಕೊಟ್ಟಿದ್ದೆ. ಕೆಟ್ಟದ್ದು ಅದರಿಂದಲೇ ಆಯಿತು.

2015ರ ಮಾರ್ಚ್ ಮೊದಲ ವಾರವಿರಬೇಕು. ಸಂಪಿಗೆ ರಸ್ತೆ ನಿಲ್ದಾಣದಲ್ಲಿ ಮೆಟ್ರೊ ಹತ್ತಿ, ಬಾಗಿಲ ಪಕ್ಕದ ಕಂಬಕ್ಕೆ ಒರಗಿ, ಆ ದಿನದ ಎಸ್‌ಕ್ಯೂಎಲ್ ಪ್ರಶ್ನೆಯನ್ನು ಮೊಬೈಲಿನಲ್ಲಿ ತೆರೆದಿದ್ದೆ. ಎಸ್‌ಕ್ಯೂಎಲ್ ಎಂದರೆ ಡೇಟಾಬೇಸಿನಿಂದ ಮಾಹಿತಿ ಕೇಳಿ ಪಡೆಯುವ ಭಾಷೆ; ಅದರ ಬಗ್ಗೆ ಅಂತರ್ಜಾಲದಲ್ಲಿ ದಿನಕ್ಕೊಂದು ಪ್ರಶ್ನೆ ಬರುತ್ತಿತ್ತು, ಕೆಳಗೆ ವಿವರಣೆ ಮತ್ತು ಚರ್ಚೆ. ಒಂದು ಟೇಬಲ್, ಅದರಲ್ಲಿ ಐದು ಸಾಲು, ಪ್ರತಿಯೊಂದು ಸಾಲಿಗೂ ದಿನಾಂಕ ಮತ್ತು ವೇಳೆ. ಐದನೆಯದು 31ನೇ ತಾರೀಖು ಮಧ್ಯಾಹ್ನ ಮೂರು ಗಂಟೆಯದು. ಒಂದನೇ ತಾರೀಖಿನಿಂದ 31ರವರೆಗೆ ಎಂದು, ‘ಇವೆರಡರ ನಡುವೆ’ ಎನ್ನುವ ‘ಬಿಟ್ವೀನ್’ ಹಾಕಿ ಕೇಳಿದರೆ ಎಷ್ಟು ಸಾಲು ಬರುತ್ತವೆ? ಎರಡೋ, ಮೂರೋ, ನಾಲ್ಕೋ, ಐದೋ? ಐದು ಎನ್ನುವುದು ತೀರಾ ಸಲೀಸಾಗಿ ಕಂಡಿತು. ಅಷ್ಟು ಸಲೀಸಾದದ್ದನ್ನು ಯಾರೂ ಪ್ರಶ್ನೆ ಮಾಡಿ ಕೇಳುವುದಿಲ್ಲ ಎಂಬ ಅನುಮಾನದಿಂದ ನಾಲ್ಕನ್ನು ಒತ್ತಿದೆ. ಹಸಿರು ಬಣ್ಣ ಮೂಡಿತು. ಕೆಳಗಿದ್ದ ವಿವರಣೆಯನ್ನು ಓದುವ ಗೋಜಿಗೆ ಹೋಗಲಿಲ್ಲ. ಗೆದ್ದವಳಿಗೆ ವಿವರಣೆ ಏಕೆ?

ನಮ್ಮದು ಪೀಣ್ಯದಲ್ಲಿದ್ದ ಸಂಸ್ಥೆ. ಪಂಪ್‌ಸೆಟ್ಟು, ವೈರು, ಸ್ವಿಚ್ಚುಗಳನ್ನು ಜಿಲ್ಲೆಗಳ ಅಂಗಡಿಗಳಿಗೆ ಸರಬರಾಜು ಮಾಡುವ ವ್ಯಾಪಾರ. ಮಾರ್ಚ್ 31 ಎಂದರೆ ಅಲ್ಲಿ ಜಾತ್ರೆ. ವರ್ಷದ ಗುರಿ ಮುಟ್ಟಬೇಕೆಂದು ಮಾರಾಟದ ಹುಡುಗರು ಅಂಗಡಿಯವರ ಕೈಕಾಲು ಹಿಡಿದು ಬಿಲ್ ಹಾಕಿಸುತ್ತಾರೆ, ರಾತ್ರಿ ಹತ್ತು ದಾಟಿದರೂ ಪ್ರಿಂಟರ್ ಕಿರುಗುಟ್ಟುತ್ತಲೇ ಇರುತ್ತದೆ. ಏಪ್ರಿಲಿನಲ್ಲಿ ವರ್ಷದ ಮಾರಾಟದ ವರದಿ ತೆಗೆಯುವ ಕೆಲಸ ನನ್ನ ಪಾಲಿಗೆ ಬಂತು. 2014ರ ಏಪ್ರಿಲ್ 1ರಿಂದ 2015ರ ಮಾರ್ಚ್ 31ರವರೆಗೆ ಎಂದು ‘ಬಿಟ್ವೀನ್’ ಹಾಕಿ ಬರೆದೆ, ಓಡಿಸಿದೆ, ಮೊತ್ತ ಬಂತು, ಕಳುಹಿಸಿದೆ.

ವೇಳೆ ಹೇಳದೆ ಬರೀ ದಿನಾಂಕ ಕೊಟ್ಟರೆ ಡೇಟಾಬೇಸ್ ಅದನ್ನು ಆ ದಿನದ ಸೊನ್ನೆ ಗಂಟೆ ಸೊನ್ನೆ ನಿಮಿಷ ಎಂದು ಓದಿಕೊಳ್ಳುತ್ತದೆ. ಅಂದರೆ ನನ್ನ ವರದಿಯ ಪ್ರಕಾರ ಆ ವರ್ಷ ಮುಗಿದದ್ದು 31ರ ಮಂಗಳವಾರ ಹುಟ್ಟಿದ ಗಳಿಗೆಯಲ್ಲೇ. ಆ ಇಡೀ ದಿನದ ಬಿಲ್ಲುಗಳಲ್ಲಿ ಒಂದೂ ಸೇರಿರಲಿಲ್ಲ. ಕ್ವೆರಿಯಲ್ಲಿ, ಎಂದರೆ ಡೇಟಾಬೇಸಿಗೆ ಬರೆದ ಕೋರಿಕೆಯಲ್ಲಿ, ಅಕ್ಷರ ತಪ್ಪಿದ್ದರೆ ಕೆಂಪು ಸಾಲಿನಲ್ಲಿ ಬೈಗುಳ ಬರುತ್ತಿತ್ತು. ಇಲ್ಲಿ ಎಲ್ಲವೂ ನೇರ್ಪಾಗಿತ್ತು. ಉತ್ತರವೂ ನೋಡಲು ಲಕ್ಷಣವಾಗಿಯೇ ಇತ್ತು. ಮಾರಾಟ ವಿಭಾಗದ ಮುಖ್ಯಸ್ಥರು ಆ ಅಂಕಿ ಹಿಡಿದುಕೊಂಡು ಸಭೆಗೆ ಹೋಗಿ, ಗುರಿ ತಪ್ಪಿದ್ದಕ್ಕೆ ಎಲ್ಲರೆದುರು ತಲೆ ತಗ್ಗಿಸಿ ಬಂದರು. ಎರಡು ದಿನದ ಮೇಲೆ ಲೆಕ್ಕಪತ್ರ ವಿಭಾಗದ ಖಾತೆಗೂ ನನ್ನ ವರದಿಗೂ ತಾಳೆಯಾಗದೆ ವಿಷಯ ಹೊರಬಿತ್ತು. ಮುಖ್ಯಸ್ಥರು ಬೈದಿದ್ದರೆ ಚೆನ್ನಾಗಿರುತ್ತಿತ್ತು. “ಒಂದು ದಿನ ಎಲ್ಲಿ ಹೋಯಿತಮ್ಮ?” ಎಂದಷ್ಟೇ ಕೇಳಿದರು.

ಅಂದು ಸಂಜೆ ವಾಪಸ್ ಬರುವಾಗ ಆ ಹಳೆಯ ಪ್ರಶ್ನೆಯನ್ನು ಹುಡುಕಿ ತೆಗೆದು ವಿವರಣೆ ಓದಿದೆ. ನನ್ನ ತಪ್ಪನ್ನು ಯಾರೋ ಮೊದಲೇ ಬರೆದಿಟ್ಟಂತಿತ್ತು. ಅದರ ಕೆಳಗಿನ ಚರ್ಚೆಯಲ್ಲಿ ಇನ್ನೊಂದು ಗುಂಡಿಯ ಸುದ್ದಿಯೂ ಇತ್ತು. ‘ಹಾಗಾದರೆ ಕೊನೆಯ ದಿನಕ್ಕೆ 23 ಗಂಟೆ 59 ನಿಮಿಷ 59.999 ಸೆಕೆಂಡ್ ಎಂದು ಸೇರಿಸಿದರಾಯಿತು’ ಎಂದು ಒಬ್ಬರು ಬುದ್ಧಿ ಹೇಳಿದ್ದರು. ಮತ್ತೊಬ್ಬರು ಅದಕ್ಕೆ ಉತ್ತರಿಸಿದ್ದರು: ಮೈಕ್ರೋಸಾಫ್ಟಿನ ಡೇಟಾಬೇಸ್ ಆದ ಎಸ್‌ಕ್ಯೂಎಲ್ ಸರ್ವರಿನ ಹಳೆಯ ‘ಡೇಟ್‌ಟೈಮ್’ ಬಗೆ ಸೆಕೆಂಡಿನ ಮುನ್ನೂರನೇ ಒಂದು ಭಾಗದ ಲೆಕ್ಕದಲ್ಲಿ ವೇಳೆಯನ್ನು ಇಟ್ಟುಕೊಳ್ಳುತ್ತದೆ; .999 ಕೊಟ್ಟರೆ ಅದು ಮರುದಿನದ ಸೊನ್ನೆ ಗಂಟೆಗೆ ಉರುಳಿಬಿಡುತ್ತದೆ; .997 ದಾಟಬಾರದು. ಒಂದು ದಿನ ಕಳೆದುಕೊಳ್ಳುವ ಬದಲು ಮುಂದಿನ ದಿನದ ಬಿಲ್ಲನ್ನು ಕದ್ದಂತೆ! ಕೊನೆಗೆ ಎಲ್ಲರೂ ಒಪ್ಪಿದ ದಾರಿ ಸರಳವಾಗಿತ್ತು: ‘ಬಿಟ್ವೀನ್’ ಬಿಟ್ಟು, ಏಪ್ರಿಲ್ ಒಂದು ಅಥವಾ ಅದರ ನಂತರ, ಮುಂದಿನ ಏಪ್ರಿಲ್ ಒಂದಕ್ಕಿಂತ ಮೊದಲು ಎಂದು ಬರೆಯುವುದು. ಅಂದಿನಿಂದ ದಿನಾಂಕದ ಪಕ್ಕದಲ್ಲಿ ‘ಬಿಟ್ವೀನ್’ ಕಂಡರೆ ನನಗೆ ಹೊಟ್ಟೆಯಲ್ಲಿ ಕಸಿವಿಸಿ.

ನಾನು ಕಂಪ್ಯೂಟರ್ ಓದಿದವಳಲ್ಲ. ತಿಪಟೂರಿನಲ್ಲಿ ಬಿ.ಕಾಂ. ಮುಗಿಸಿ ಬೆಂಗಳೂರಿಗೆ ಬಂದು, ಬಿಲ್ಲು ವೋಚರುಗಳ ನಡುವೆ ಎರಡು ವರ್ಷ ಕಳೆದ ಮೇಲೆ ‘ಎಕ್ಸೆಲ್ ಚೆನ್ನಾಗಿ ಬರುತ್ತದಲ್ಲ, ಇದನ್ನೂ ನೋಡಿಕೋ’ ಎಂದು ಡೇಟಾಬೇಸಿನ ಬೀಗದ ಕೈಯನ್ನು ಕೈಗಿಟ್ಟರು. ಶನಿವಾರ ಭಾನುವಾರ ಬಿಟಿಎಂ ಬಡಾವಣೆಯ ತರಬೇತಿ ಕೇಂದ್ರವೊಂದಕ್ಕೆ ಹೋದೆ. ಅಲ್ಲಿ ಎಲ್ಲವೂ ಅರ್ಥವಾಗುತ್ತಿತ್ತು, ಸೋಮವಾರ ಕಚೇರಿಯಲ್ಲಿ ಒಂದೂ ನೆನಪಾಗುತ್ತಿರಲಿಲ್ಲ. ಮೇಷ್ಟರು ಪರದೆಯ ಮೇಲೆ ಬರೆಯುವುದನ್ನು ನೋಡಿ ತಲೆದೂಗುವುದು, ಈಜುವವರನ್ನು ದಡದಲ್ಲಿ ಕುಳಿತು ನೋಡಿದ ಹಾಗೆ.

ಇದು ನನ್ನಂಥವರದ್ದಲ್ಲದ ವಿದ್ಯೆ ಎಂಬ ಅಳುಕು ಬಹಳ ದಿನ ಇತ್ತು. ಅದನ್ನು ಕಳೆದದ್ದು ಒಂದು ಹಳೆಯ ಸಂಗತಿ. ಎಡ್ಗರ್ ಕಾಡ್ ಎಂಬ ಐಬಿಎಂ ಗಣಿತಜ್ಞ 1970ರಲ್ಲಿ, ಮಾಹಿತಿಯನ್ನೆಲ್ಲ ಸಂಬಂಧಗಳ, ಎಂದರೆ ಟೇಬಲ್ಲುಗಳ ರೂಪದಲ್ಲಿ ಇಡಬಹುದೆಂದು ಒಂದು ಪ್ರಬಂಧ ಬರೆದರು. ಅದನ್ನು ಹಿಡಿದು ಅದೇ ಐಬಿಎಂನ ಡೊನಾಲ್ಡ್ ಚೇಂಬರ್ಲಿನ್ ಮತ್ತು ರೇಮಂಡ್ ಬಾಯ್ಸ್ 1974ರಲ್ಲಿ ‘ಸೀಕ್ವೆಲ್’ ಎಂಬ ಭಾಷೆಯನ್ನು ಪ್ರಕಟಿಸಿದರು. ಆ ಹೆಸರು ಬ್ರಿಟನ್ನಿನ ವಿಮಾನ ಕಂಪನಿಯೊಂದರ ವ್ಯಾಪಾರಮುದ್ರೆಯಾಗಿದ್ದರಿಂದ ಮುಂದೆ ಎಸ್‌ಕ್ಯೂಎಲ್ ಎಂದು ಮೊಟಕಾಯಿತು. ಬಾಯಲ್ಲಿ ಮಾತ್ರ ಇನ್ನೂ ಸೀಕ್ವೆಲ್ಲೇ. (ಬಾಯ್ಸ್ ಅದೇ ವರ್ಷ, ಇನ್ನೂ ಎಳೆಯ ಪ್ರಾಯದಲ್ಲೇ ತೀರಿಕೊಂಡರು. ತನ್ನ ಭಾಷೆ ಎಲ್ಲಿಯವರೆಗೆ ಬಂತೆಂದು ನೋಡಲಿಲ್ಲ.) ಸೀಕ್ವೆಲ್ ಕುರಿತ ಪ್ರಬಂಧದಲ್ಲಿ, ಕಂಪ್ಯೂಟರ್ ಪರಿಣತರಲ್ಲದಿದ್ದರೂ ಈ ಭಾಷೆಯನ್ನು ಕಲಿಯಬಲ್ಲವರು ಯಾರೆಂದು ಉದಾಹರಣೆ ಕೊಟ್ಟಿದ್ದಾರೆ. ಪಟ್ಟಿಯಲ್ಲಿ ಮೊದಲು ಬರುವವರು ಲೆಕ್ಕಿಗರು. ಎಂಜಿನಿಯರುಗಳು ಆಮೇಲೆ! ಎಂಜಿನಿಯರುಗಳಿಂದ ತುಂಬಿ ತುಳುಕುವ ಈ ಊರಿನಲ್ಲಿ ಅದನ್ನು ಓದಿ ನನಗಾದ ಖುಷಿಯನ್ನು ಹೇಳಲಾರೆ.

ಹೋಟೆಲಿಗೆ ಹೋದವರು ‘ಒಂದು ಮಸಾಲೆ ದೋಸೆ’ ಎನ್ನುತ್ತಾರೆಯೇ ಹೊರತು ಕಾವಲಿಗೆ ಎಷ್ಟು ಎಣ್ಣೆ ಸವರಬೇಕೆಂದು ಹೇಳುವುದಿಲ್ಲ. ಈ ಭಾಷೆಯೂ ಹಾಗೆಯೇ. ಏನು ಬೇಕೆಂದು ಹೇಳಿದರೆ ಸಾಕು, ಹೇಗೆ ತರಬೇಕೆಂಬುದು ಯಂತ್ರದ ಪಾಡು. ಸುಖವಿರುವುದೂ ಅಲ್ಲೇ, ಅಪಾಯವಿರುವುದೂ ಅಲ್ಲೇ. ನಾನು ಕೇಳಿದ್ದನ್ನು ಅದು ತಪ್ಪದೆ ತಂದಿಡುತ್ತದೆ. ನಾನು ಕೇಳಬೇಕೆಂದುಕೊಂಡಿದ್ದು ಬೇರೆ ಎಂಬುದು ಅದಕ್ಕೆ ತಿಳಿಯುವುದಿಲ್ಲ.

ದಿನಕ್ಕೊಂದು ಪ್ರಶ್ನೆ ಹಿಡಿದದ್ದು ಮೆಟ್ರೊದ ದೆಸೆಯಿಂದ. ಸಂಪಿಗೆ ರಸ್ತೆಯಿಂದ ಪೀಣ್ಯ ಇಂಡಸ್ಟ್ರಿಗೆ ರೈಲು ಓಡತೊಡಗಿದ್ದು 2014ರ ಮಾರ್ಚಿನಲ್ಲಿ. ಅದಕ್ಕೂ ಮೊದಲು ಬಸ್ಸಿನಲ್ಲಿ ನನ್ನ ಎರಡೂ ಕೈ ಮೇಲಿನ ಸರಳಿಗೆ ಮೀಸಲಾಗಿದ್ದವು. ರೈಲಿನಲ್ಲಿ ಒಂದು ಕೈ ಬಿಡುವಾಯಿತು. ಶ್ರೀರಾಂಪುರ ದಾಟುವಾಗ ಪ್ರಶ್ನೆ ಓದುವುದು, ಕುವೆಂಪು ರಸ್ತೆ, ರಾಜಾಜಿನಗರ, ಮಹಾಲಕ್ಷ್ಮಿ ಬರುವಷ್ಟರಲ್ಲಿ ತಲೆಯೊಳಗೇ ಟೇಬಲ್ ಬಿಡಿಸಿ ಸಾಲುಗಳನ್ನು ಜೋಡಿಸುವುದು, ಸ್ಯಾಂಡಲ್ ಸೋಪ್ ಫ್ಯಾಕ್ಟರಿ ಬಂತೆಂದರೆ ಎರಡು ಆಯ್ಕೆಗಳ ನಡುವೆ ತೂಗುವುದು, ಯಶವಂತಪುರ ಬರುವುದರೊಳಗೆ ಒತ್ತಿಬಿಡುವುದು. ಉಳಿದ ದಾರಿ ವಿವರಣೆಗೆ ಮತ್ತು ಚರ್ಚೆಗೆ. ಇದು ನಾನು ಹಾಕಿಕೊಂಡ ನಿಯಮ.

ಈಗ ಯೋಚಿಸಿದರೆ, ಕಲಿಸಿದ್ದು ಪ್ರಶ್ನೆಗಿಂತ ಹೆಚ್ಚಾಗಿ ಆ ನಿಂತ ಭಂಗಿ. ಕಚೇರಿಯ ಕಂಪ್ಯೂಟರಿನ ಮುಂದೆ ಕುಳಿತಿದ್ದರೆ ನಾನು ಖಂಡಿತ ಪ್ರಶ್ನೆಯಲ್ಲಿದ್ದ ಕ್ವೆರಿಯನ್ನು ಓಡಿಸಿ ನೋಡಿ ಉತ್ತರ ಒತ್ತುತ್ತಿದ್ದೆ. ಹಾಗೆ ಮಾಡುವವರು ಬೇಕಾದಷ್ಟಿದ್ದಾರೆ, ಅಂಕವೂ ಬರುತ್ತದೆ. ಆದರೆ ಓಡಿಸಿ ನೋಡಿದ ಮೇಲೆ ಯಾವ ಉತ್ತರವಾದರೂ ‘ಹೌದಲ್ಲ, ಅದೇ ಸರಿ’ ಎನಿಸುತ್ತದೆ. ‘ನಾನು ಹೀಗೆಂದುಕೊಂಡಿದ್ದೆ’ ಎಂಬುದು ಮೊದಲೇ ದಾಖಲಾಗಿರದಿದ್ದರೆ, ತಪ್ಪು ತಿಳಿದುಕೊಂಡಿದ್ದೆವು ಎಂಬುದು ನಮಗೇ ಗೊತ್ತಾಗುವುದಿಲ್ಲ. ಕಂಬಕ್ಕೆ ಒರಗಿ ನಿಂತವಳಿಗೆ ಓಡಿಸಿ ನೋಡುವ ಅನುಕೂಲವೇ ಇರಲಿಲ್ಲವಲ್ಲ, ಮರ್ಯಾದೆಯಾಗಿ ಒಂದು ಉತ್ತರಕ್ಕೆ ಕಟ್ಟುಬೀಳಬೇಕಿತ್ತು.

ಕೆಂಪು ಬಣ್ಣ ಬಂದ ದಿನಗಳೇ ನೆನಪಿನಲ್ಲಿ ಉಳಿದಿವೆ. ಅದರಲ್ಲೂ ‘ಇದೆಂಥ ಎಳೆಮಕ್ಕಳ ಪ್ರಶ್ನೆ’ ಎಂದು ಧಿಮಾಕಿನಿಂದ ಒತ್ತಿ ಕೆಂಪಾದ ದಿನಗಳು. ಇದು ನನ್ನೊಬ್ಬಳ ಅನುಭವವಲ್ಲವಂತೆ. ಬಟರ್‌ಫೀಲ್ಡ್ ಮತ್ತು ಮೆಟ್‌ಕಾಫ್ ಎಂಬ ಮನೋವಿಜ್ಞಾನಿಗಳು 2001ರಲ್ಲಿ ತೋರಿಸಿದ್ದೂ ಇದನ್ನೇ: ಅನುಮಾನದಿಂದ ಕೊಟ್ಟ ತಪ್ಪು ಉತ್ತರಕ್ಕಿಂತ, ಗಟ್ಟಿ ನಂಬಿಕೆಯಿಂದ ಕೊಟ್ಟ ತಪ್ಪು ಉತ್ತರವನ್ನು ತಿದ್ದಿದಾಗ ಆ ತಿದ್ದುಪಡಿ ಹೆಚ್ಚು ಚೆನ್ನಾಗಿ ಮನಸ್ಸಿಗೆ ಹತ್ತುತ್ತದೆ. ಮುಖಭಂಗಕ್ಕೆ ಇಂಥ ಉಪಯೋಗವೂ ಇದೆ.

ಹಾಗೆ ಕೆಂಪಾದವುಗಳ ಪೈಕಿ ದೊಡ್ಡದು ‘ನಲ್’.

ಪ್ರಶ್ನೆ ಹೀಗಿತ್ತು. ಗ್ರಾಹಕರ ಟೇಬಲ್ ಒಂದು, ಬಿಲ್ಲುಗಳ ಟೇಬಲ್ ಒಂದು. ಒಂದೂ ಬಿಲ್ಲಾಗದ ಗ್ರಾಹಕರು ಯಾರು? ಗ್ರಾಹಕ ಸಂಖ್ಯೆ ಬಿಲ್ಲುಗಳ ಪಟ್ಟಿಯಲ್ಲಿ ‘ನಾಟ್ ಇನ್’ ಎಂದು ಕ್ವೆರಿ. ಬಿಲ್ಲುಗಳಲ್ಲಿ ಒಂದಕ್ಕೆ ಮಾತ್ರ ಗ್ರಾಹಕ ಸಂಖ್ಯೆ ತುಂಬಿಲ್ಲ, ‘ನಲ್’ ಇದೆ. ಬಿಲ್ಲೇ ಆಗದ ಇಬ್ಬರು ಗ್ರಾಹಕರು ಕಣ್ಣೆದುರಿಗೇ ಇದ್ದರು. ಎರಡು ಎಂದು ಒತ್ತಿದೆ. ಕೆಂಪು. ಸರಿಯುತ್ತರ ಸೊನ್ನೆ: ಒಂದು ಸಾಲೂ ಬರುವುದಿಲ್ಲ.

ವಿವರಣೆಯನ್ನು ಮೂರು ಸಲ ಓದಿದೆ. ನಿಜ, ಸುಳ್ಳು ಎಂಬ ಎರಡರ ಜೊತೆಗೆ ‘ತಿಳಿಯದು’ ಎಂಬ ಮೂರನೆಯದೂ ಇದೆ ಎಂದಿತ್ತು. ಅಕ್ಷರಗಳು ಅರ್ಥವಾದವು, ವಿಷಯ ತಲೆಗೆ ಹತ್ತಲಿಲ್ಲ. ನಮ್ಮ ಕಚೇರಿಯಲ್ಲಿ ನಿವೃತ್ತಿಯ ಹತ್ತಿರವಿದ್ದ ಒಬ್ಬ ಹಿರಿಯರಿದ್ದರು. ಅವರು ಒರಾಕಲ್ ಎಂಬ ಇನ್ನೊಂದು ಡೇಟಾಬೇಸಿನ ಕಾಲದವರು. ಕೈಯಲ್ಲಿ ಬರೆದು ಯೋಚಿಸುವವರು. ಹನ್ನೊಂದು ಗಂಟೆಯ ಬೈಟು ಕಾಫಿಗೆ ಗೇಟಿನಾಚೆಯ ಅಂಗಡಿಗೆ ಹೋದಾಗ ಕೇಳಿದೆ. ಅವರು ಜೇಬಿನಿಂದ ಒಂದು ಹಳೆಯ ಚಲನ್ ತೆಗೆದು ಅದರ ಬೆನ್ನಿಗೆ ಒಂದರ ಕೆಳಗೊಂದು ಮೂರು ಹೆಸರು ಬರೆದರು. ಮೂರನೆಯದರ ಮೇಲೆ ಕಾಫಿಯ ಒಂದು ಹನಿ ಹಾಕಿ ಹೆಬ್ಬೆರಳಿನಿಂದ ತಿಕ್ಕಿದರು. ಶಾಯಿ ಕಲಸಿಹೋಯಿತು.

“ಇದು ಮತದಾರರ ಪಟ್ಟಿ ಎಂದುಕೊಳ್ಳಮ್ಮ. ನಿನ್ನ ಹೆಸರು ಇದರಲ್ಲಿ ಇದೆಯೇ?”

“ಇಲ್ಲ ಸರ್.”

“ಇಲ್ಲ ಎಂದು ಸಹಿ ಹಾಕಿ ಕೊಡುತ್ತೀಯಾ?”

ನಾನು ಆ ಕಲೆಯನ್ನು ನೋಡಿದೆ. ಅಲ್ಲಿದ್ದದ್ದು ಯಾರ ಹೆಸರಾದರೂ ಆಗಿರಬಹುದಿತ್ತು.

“ಸಹಿ ಹೇಗೆ ಹಾಕುವುದು ಸರ್? ಮೂರನೆಯದು ಗೊತ್ತಾಗುತ್ತಿಲ್ಲವಲ್ಲ.”

“ಅದೂ ಸಹಿ ಹಾಕುವುದಿಲ್ಲ. ಯಾರಿಗೂ ಹಾಕುವುದಿಲ್ಲ. ಅಷ್ಟೇ” ಎಂದು ಚಲನ್ನನ್ನು ಮಡಚಿ ಲೋಟದ ಕೆಳಗಿಟ್ಟರು.

ಪಟ್ಟಿಯಲ್ಲಿ ಇದ್ದಾರೆ ಎನ್ನಲು ಒಂದು ಹೆಸರು ಸಿಕ್ಕರೆ ಸಾಕು. ಇಲ್ಲ ಎನ್ನಬೇಕಾದರೆ ಎಲ್ಲ ಸಾಲುಗಳೂ ಸ್ಪಷ್ಟವಾಗಿರಬೇಕು. ಒಂದೇ ಒಂದು ಸಾಲು ಕಲಸಿಹೋಗಿದ್ದರೆ ‘ಇಲ್ಲ’ ಎಂಬುದು ಯಾರ ವಿಷಯದಲ್ಲೂ ಖಾತರಿಯಾಗುವುದಿಲ್ಲ. ಡೇಟಾಬೇಸ್ ಖಾತರಿಯಾದ ಸಾಲುಗಳನ್ನು ಮಾತ್ರ ಕೊಡುತ್ತದೆ. ಆದ್ದರಿಂದ ಏನನ್ನೂ ಕೊಡುವುದಿಲ್ಲ. ಅದೇ ಪ್ರಶ್ನೆಯನ್ನು ‘ನಾಟ್ ಎಕ್ಸಿಸ್ಟ್ಸ್’ ಎಂದು ಕೇಳಿದರೆ ಆ ಇಬ್ಬರೂ ಬರುತ್ತಾರೆ, ಏಕೆಂದರೆ ಅದು ಪಟ್ಟಿಯಲ್ಲಿ ‘ಹೊಂದಿದ್ದು ಸಿಕ್ಕಿತೇ’ ಎಂದಷ್ಟೇ ನೋಡುತ್ತದೆ, ಕಲೆಯ ಬಗ್ಗೆ ಪ್ರಮಾಣ ಮಾಡಲು ಹೋಗುವುದಿಲ್ಲ. ಆಮೇಲೆ ‘ನಲ್’ ಕುರಿತ ಎಷ್ಟೋ ಪ್ರಶ್ನೆಗಳು ಬಂದವು. ಎಲ್ಲದಕ್ಕೂ ನಾನು ಆ ಕಲೆಯನ್ನೇ ನೆನೆಸಿಕೊಳ್ಳುತ್ತಿದ್ದೆ. ನಲ್ಲಿಗೆ ನಲ್ ಸಮವೇ? ಒಂದು ಕಲೆಯೂ ಇನ್ನೊಂದು ಕಲೆಯೂ ಒಂದೇ ಹೆಸರು ಎಂದು ಹೇಗೆ ಹೇಳುವುದು?

ಆ ಹಿರಿಯರ ಜೊತೆ ಜಗಳವೂ ಆಗುತ್ತಿತ್ತು. ಒಂದು ಬೆಳಿಗ್ಗೆ, ಒಂದೂ ಅಕ್ಷರವಿಲ್ಲದ ಖಾಲಿ ಪದದ ಉದ್ದ ಎಷ್ಟು ಎಂಬ ಪ್ರಶ್ನೆಗೆ ನಾನು ಸೊನ್ನೆ ಎಂದೆ, ಅವರು ನಲ್ ಎಂದರು. ಕಾಫಿ ಆರಿಹೋಗುವವರೆಗೆ ಇಬ್ಬರೂ ಪಟ್ಟು ಬಿಡಲಿಲ್ಲ. ಇಬ್ಬರೂ ಸರಿ: ಎಸ್‌ಕ್ಯೂಎಲ್ ಸರ್ವರಿನಲ್ಲಿ ಸೊನ್ನೆ, ಒರಾಕಲ್ ಖಾಲಿ ಪದವನ್ನೇ ನಲ್ ಎಂದು ಎಣಿಸುತ್ತದೆ, ಆದ್ದರಿಂದ ಅಲ್ಲಿ ನಲ್. ಅದೇ ರೀತಿ ಬೇರೆ ಎರಡು ಡೇಟಾಬೇಸುಗಳಲ್ಲಿ, ಐದನ್ನು ಎರಡರಿಂದ ಭಾಗಿಸಿದರೆ ಪೋಸ್ಟ್‌ಗ್ರೆಸ್ ಎರಡು ಎನ್ನುತ್ತದೆ, ಮೈಎಸ್‌ಕ್ಯೂಎಲ್ ಎರಡೂವರೆ ಎನ್ನುತ್ತದೆ. ‘ಟ್ರಂಕೇಟ್’ ಮಾಡಿ ಖಾಲಿ ಮಾಡಿದ ಟೇಬಲ್ಲನ್ನು ಆ ಬದಲಾವಣೆಯನ್ನು ಖಾಯಂ ಮಾಡುವ ಮೊದಲು ಎಸ್‌ಕ್ಯೂಎಲ್ ಸರ್ವರಿನಲ್ಲಿ ಹಿಂದಕ್ಕೆ ಪಡೆಯಬಹುದು, ಒರಾಕಲ್ಲಿನಲ್ಲಿ ಆಗುವುದಿಲ್ಲ. 1986ರಲ್ಲೇ ಅಮೆರಿಕದಲ್ಲಿ ಈ ಭಾಷೆಗೆ ಅಧಿಕೃತ ಮಾನದಂಡ ಬಂದಿದ್ದರೂ ಮನೆಮನೆಗೂ ಒಂದೊಂದು ಸಂಪ್ರದಾಯ. ಬಿಸಿಬೇಳೆಬಾತಿಗೆ ಮಾನದಂಡ ತಂದರೂ ಹೀಗೆಯೇ ಆದೀತು.

ಚರ್ಚೆಗಳಲ್ಲಿ ನಾನು ಬಹುಕಾಲ ಬರೀ ಓದುವವಳಾಗಿಯೇ ಇದ್ದೆ. ಬಾಯಿ ತೆರೆದದ್ದು ಕನ್ನಡದ ಕಾರಣಕ್ಕೆ.

ಗೋದಾಮಿನ ಹಮಾಲರಿಗೆ ಓದಲು ಅನುಕೂಲವಾಗಲೆಂದು ಪೆಟ್ಟಿಗೆಗೆ ಅಂಟಿಸುವ ಚೀಟಿಯಲ್ಲಿ ಅಂಗಡಿಯ ಹೆಸರು, ಊರು ಕನ್ನಡದಲ್ಲಿ ಬರಲಿ ಎಂದು ನಾನೇ ಉತ್ಸಾಹದಿಂದ ಹೇಳಿದ್ದೆ. ಸುಮಾರು ಇನ್ನೂರು ಹೆಸರು ಟೈಪು ಮಾಡಿ ಟೇಬಲ್ಲಿಗೆ ತುಂಬಿದೆ. ಮರುದಿನ ಬೆಳಿಗ್ಗೆ ಹಮಾಲರೊಬ್ಬರು ಒಂದು ಚೀಟಿ ಹಿಡಿದು ಮೇಲೆ ಬಂದರು. “ಇದು ಯಾವ ಊರು ಅಕ್ಕ?” ಚೀಟಿಯ ತುಂಬ ಪ್ರಶ್ನಾರ್ಥಕ ಚಿಹ್ನೆಗಳು. ಎಸ್‌ಕ್ಯೂಎಲ್ ಸರ್ವರಿನಲ್ಲಿ ಕನ್ನಡದ ಪದವನ್ನು ಬರೆಯುವಾಗ ಉದ್ಧರಣ ಚಿಹ್ನೆಯ ಮುಂದೆ ‘ಎನ್’ ಎಂಬ ಒಂದು ಅಕ್ಷರ ಹಾಕಬೇಕು. ಹಾಕದಿದ್ದರೆ ಅದು ಕನ್ನಡದ ಪ್ರತಿ ಸಂಕೇತವನ್ನೂ ಪ್ರಶ್ನಾರ್ಥಕವಾಗಿಸಿ ನುಂಗಿಬಿಡುತ್ತದೆ. ಕಾಲಂ ಯೂನಿಕೋಡಿನದ್ದೇ ಆಗಿದ್ದರೂ ಅಷ್ಟೇ. ಅಲ್ಲಿ ತಲುಪುವ ಮೊದಲೇ ಕನ್ನಡ ಸತ್ತಿರುತ್ತದೆ. ಇನ್ನೂರು ಹೆಸರನ್ನು ಮತ್ತೆ ಟೈಪು ಮಾಡಿದೆ.

ಇದಾಗಿ ಕೆಲವು ತಿಂಗಳ ಮೇಲೆ, ಪದದ ಉದ್ದ ಅಳೆಯುವ ಒಂದು ಪ್ರಶ್ನೆ ಬಂತು. ಚರ್ಚೆಯಲ್ಲಿ ಯಾರೋ, ಒಂದು ಅಕ್ಷರಕ್ಕೆ ಒಂದು ಎಣಿಕೆ, ಇದರಲ್ಲೇನಿದೆ ಎಂದು ಬರೆದಿದ್ದರು. ಅಂದು ಪೀಣ್ಯದಲ್ಲಿ ಇಳಿದವಳೇ ಕಚೇರಿಗೆ ಹೋಗಿ ‘ಬೆಂಗಳೂರು’ ಎಂದು ಕೊಟ್ಟು ಉದ್ದ ಅಳೆದೆ. ಕಣ್ಣಿಗೆ ಬೆಂ, ಗ, ಳೂ, ರು, ನಾಲ್ಕೇ ಅಕ್ಷರ. ಅದು ಎಂಟು ಎಂದಿತು. ಬ, ಎತ್ವ, ಸೊನ್ನೆ, ಗ, ಳ, ದೀರ್ಘ ಕೊಂಬು, ರ, ಕೊಂಬು. ಬೈಟುಗಳಲ್ಲಿ ಅಳೆದರೆ ಅಲ್ಲಿ ಹದಿನಾರು. ಅಕ್ಷರಗಳನ್ನು ಯುಟಿಎಫ್-8 ಎಂಬ ಬೇರೆ ಸಂಕೇತ ವಿಧಾನದಲ್ಲಿ ಇಡುವ ಡೇಟಾಬೇಸುಗಳಲ್ಲಿ ಇಪ್ಪತ್ತನಾಲ್ಕು. ‘ಕನ್ನಡ’ ಎಂಬ ಮೂರಕ್ಷರಕ್ಕೆ ಐದು. ಎಡದಿಂದ ಮೂರನ್ನು ಮಾತ್ರ ಕತ್ತರಿಸಿ ಕೊಡು ಎಂದರೆ ‘ಕನ್’ ಎಂದು ಕೊಡುತ್ತದೆ, ಒತ್ತಕ್ಷರ ಅರ್ಧದಲ್ಲಿ ಮುರಿಯುತ್ತದೆ. ತಿರುಗಿಸಿ ಬರೆ ಎಂದರೆ ‘ಕನ್ನಡ’ ಅದೃಷ್ಟವಶಾತ್ ‘ಡನ್ನಕ’ ಎಂದು ಇಡಿಯಾಗಿ ಬರುತ್ತದೆ. ‘ಬೆಂಗಳೂರು’ ತಿರುಗಿಸಿದರೆ ಮೊದಲಿಗೇ ಆಧಾರವಿಲ್ಲದ ಒಂದು ಕೊಂಬು ನೇತಾಡುತ್ತದೆ.

ಇಷ್ಟನ್ನೂ ನನ್ನ ಕಲಸುಮೇಲೋಗರದ ಇಂಗ್ಲಿಷಿನಲ್ಲಿ ಬರೆದು ಹಾಕಿದೆ. ಕಳುಹಿಸುವ ಮೊದಲು ಹತ್ತು ಸಲ ಓದಿದ್ದೆ. ಸ್ವಲ್ಪ ಹೊತ್ತಿನಲ್ಲಿ ಒಬ್ಬರು ಕೇಳಿದರು: ಹಾಗಾದರೆ ಹೆಸರಿಗೆ ಇಪ್ಪತ್ತು ಅಕ್ಷರದ ಮಿತಿ ಹಾಕಿದ ಕಾಲಮ್ಮಿನಲ್ಲಿ ನಿಮ್ಮವರ ಹೆಸರುಗಳು ಹಿಡಿಸುತ್ತವೆಯೇ? ಹಿಡಿಸುವುದಿಲ್ಲ ಎಂದು ಬರೆದೆ. ನನಗೆ ಗೊತ್ತಿದ್ದ ಒಂದು ಸಂಗತಿ ಇನ್ನೊಬ್ಬರಿಗೆ ಉಪಯೋಗವಾದದ್ದು ಅದೇ ಮೊದಲು. ಬೆರಳಚ್ಚಿನ ಕನ್ನಡವನ್ನು ಬಲ್ಲ ಯಾರಾದರೂ ಹೇಳಬಹುದಾಗಿದ್ದ ವಿಷಯ, ಆದರೂ ಆ ಸಂಜೆ ಮಲ್ಲೇಶ್ವರದಲ್ಲಿ ಇಳಿದು ಒಬ್ಬಳೇ ಒಂದು ಕಪ್ ಬಾದಾಮಿ ಹಾಲು ಕುಡಿದು ಮನೆಗೆ ಹೋದೆ.

ಕನ್ನಡ ಇನ್ನೊಂದು ಕಡೆಯೂ ಒದಗಿಬಂತು. ಆಯ್ಕೆ ಮಾಡಿದ ಲೆಕ್ಕಕ್ಕೆ ಒಂದು ಹೊಸ ಹೆಸರಿಟ್ಟು, ಅದೇ ಹೆಸರನ್ನು ಸಾಲುಗಳನ್ನು ಸೋಸುವ ‘ವೇರ್’ ಭಾಗದಲ್ಲಿ ಬಳಸಿದರೆ ಎಸ್‌ಕ್ಯೂಎಲ್ ಸರ್ವರ್ ಆ ಹೆಸರನ್ನೇ ಕಂಡಿಲ್ಲ ಎನ್ನುತ್ತದೆ. ಸಾಲಿನಲ್ಲಿ ಮೇಲೆಯೇ ಬರೆದಿದ್ದೇನಲ್ಲ! ‘ಸೆಲೆಕ್ಟ್’ ಎಂಬುದನ್ನು ಬರೆಯುವುದು ಮೊದಲಾದರೂ ತರ್ಕದಲ್ಲಿ ಅದರ ಸರದಿ ಹಿಂದೆ: ಮೊದಲು ‘ಫ್ರಮ್’, ಆಮೇಲೆ ‘ವೇರ್’, ‘ಗ್ರೂಪ್ ಬೈ’, ‘ಹ್ಯಾವಿಂಗ್’, ಅದಾದ ಮೇಲೆ ‘ಸೆಲೆಕ್ಟ್’. ಇದನ್ನು ಉರು ಹೊಡೆಯಲು ಒದ್ದಾಡುತ್ತಿದ್ದೆ. ಒಂದು ದಿನ ಅದನ್ನೇ ಕನ್ನಡದಲ್ಲಿ ಹೇಳಿಕೊಂಡೆ: ಬಿಲ್ಲುಗಳ ಟೇಬಲ್ಲಿನಿಂದ, ಮಾರ್ಚ್ ತಿಂಗಳಿನವನ್ನು ಸೋಸಿ, ಊರುವಾರು ಗುಂಪು ಹಾಕಿ, ಲಕ್ಷ ದಾಟಿದ ಗುಂಪುಗಳನ್ನು ಉಳಿಸಿಕೊಂಡು, ಊರು ಮತ್ತು ಮೊತ್ತವನ್ನು ಕೊಡು. ಸರದಿ ತಾನಾಗಿಯೇ ಸರಿಹೋಗಿತ್ತು. ಕ್ರಿಯಾಪದ ಕೊನೆಗೆ ಬರುವ ಭಾಷೆಯಲ್ಲಿ ಬೆಳೆದವರಿಗೆ ಇದು ತಲೆಕೆಳಗು ಎನಿಸಬೇಕಾಗಿಯೇ ಇಲ್ಲ. ಇಂಗ್ಲಿಷಿನ ವಾಕ್ಯದ ಹಾಗೆ ಕಾಣಲೆಂದು ಅವರು ಅದನ್ನು ತಿರುಗಿಸಿ ಬರೆದಿದ್ದಾರೆ, ಅಷ್ಟೇ.

ಈ ಪ್ರಶ್ನೆಗಳ ಬಗ್ಗೆ ನನಗೆ ಬೇಸರವೂ ಇದೆ. ಕೆಲವು ಬರೀ ಕುಚೋದ್ಯ. ಪದಗಳನ್ನು ಇಡುವ ಜಾಗಕ್ಕೆ ಉದ್ದ ಹೇಳದೆ ‘ವಾರ್‌ಚಾರ್’ ಎಂದು ಬರೆದರೆ ಎಷ್ಟು ಅಕ್ಷರ ಹಿಡಿಸುತ್ತದೆ? ಚರಾಂಶವನ್ನು (ವೇರಿಯಬಲ್) ಘೋಷಿಸುವಾಗ ಒಂದು, ಒಂದು ಬಗೆಯಿಂದ ಇನ್ನೊಂದು ಬಗೆಗೆ ‘ಕಾಸ್ಟ್’ ಮಾಡಿ ಬದಲಿಸುವಾಗ ಮೂವತ್ತು. ಉದ್ದ ಬರೆಯದೆ ಬಿಡಬಾರದು ಎಂಬಲ್ಲಿಗೆ ಮುಗಿಯುವ ಮಾತಿಗೆ ಎರಡು ಅಂಕದ ಪ್ರಶ್ನೆ! ಚಂದನ ವಾಹಿನಿಯ ರಸಪ್ರಶ್ನೆಯಲ್ಲಿ ಸರಿಯುತ್ತರಕ್ಕೆ ಪುಸ್ತಕವಾದರೂ ಸಿಗುತ್ತದೆ. ಇನ್ನು ಪ್ರಶ್ನೆಯಲ್ಲೇ ತಪ್ಪಿದ್ದ ದಿನ ಚರ್ಚೆ ನೋಡಬೇಕು. ‘ನನ್ನ ಅಂಕ ವಾಪಸ್ ಕೊಡಿ’ ಎಂದು ಮಹಾಜನರು ಕೂಗಾಡುವುದು ಬಿಬಿಎಂಪಿ ತೆರಿಗೆ ಕೌಂಟರನ್ನು ನೆನಪಿಸುತ್ತಿತ್ತು.

ಮತ್ತೊಂದು, ಸಂದರ್ಶನದ ಪ್ರಶ್ನೆಗಳು. ಮಾರತ್ತಹಳ್ಳಿಯಿಂದ ಜಯನಗರದವರೆಗೆ ಈ ಊರಿನಲ್ಲಿ ಯಾವ ಸಂದರ್ಶನಕ್ಕೆ ಹೋದರೂ ‘ಎರಡನೇ ಅತಿ ಹೆಚ್ಚು ಸಂಬಳ ಯಾರದು’ ಎಂಬ ಕ್ವೆರಿ ಬರೆಸುತ್ತಾರೆ. ಇಷ್ಟು ವರ್ಷದಲ್ಲಿ ಯಾವ ಮ್ಯಾನೇಜರೂ ನನ್ನನ್ನು ಅದನ್ನು ನಿಜವಾಗಿ ಕೇಳಿಲ್ಲ. ಆದರೆ ಬಾಯಿಪಾಠದ ಉತ್ತರವನ್ನು ಬದಿಗಿಟ್ಟು ಚರ್ಚೆಗಿಳಿದರೆ ಆ ಸವಕಲು ಪ್ರಶ್ನೆಯಲ್ಲೂ ರಸವಿದೆ. ತೊಂಬತ್ತು ಸಾವಿರ ಇಬ್ಬರಿಗೆ, ಎಂಬತ್ತು ಸಾವಿರ ಒಬ್ಬರಿಗೆ ಎಂದುಕೊಳ್ಳಿ. ಸಾಲುಗಳಿಗೆ ಕ್ರಮಸಂಖ್ಯೆ ಕೊಡುವ ‘ರೋ ನಂಬರ್’ ಹಾಕಿದರೆ ಎರಡನೆಯದೂ ತೊಂಬತ್ತೇ. ‘ರ‍್ಯಾಂಕ್’ ಹಾಕಿದರೆ ಒಂದು, ಒಂದು, ಮೂರು. ಎರಡನೇ ಸ್ಥಾನವೇ ಇಲ್ಲ. ‘ಡೆನ್ಸ್ ರ‍್ಯಾಂಕ್’ ಹಾಕಿದರೆ ಎಂಬತ್ತು. ಮೂರರಲ್ಲಿ ಯಾವುದು ಸರಿ? ಕೇಳಿದವರ ಮನಸ್ಸಿನಲ್ಲಿ ಏನಿತ್ತೆಂದು ತಿಳಿಯದೆ ಹೇಳಲಾಗುವುದಿಲ್ಲ. ಸಂದರ್ಶನದಲ್ಲಿ ಒಮ್ಮೆ ಹೀಗೆಂದು ತಿರುಗಿ ಕೇಳಿದೆ. ಕೆಲಸ ಸಿಗಲಿಲ್ಲ.

ನಾಲ್ಕು ಆಯ್ಕೆಗಳ ಪ್ರಶ್ನೆ ಕಲಿಸದೇ ಇರುವುದೂ ಅದನ್ನೇ. ಅಲ್ಲಿ ಟೇಬಲ್ ಅಚ್ಚುಕಟ್ಟಾಗಿ ಐದು ಸಾಲಿನದ್ದು, ಪ್ರಶ್ನೆ ಸ್ಪಷ್ಟ. ಕಚೇರಿಯಲ್ಲಿ ಮುಖ್ಯಸ್ಥರು ಬಂದು ‘ಹಾಸನದ ಕಡೆ ವ್ಯಾಪಾರ ಹೇಗಿದೆ ನೋಡಿ ಹೇಳಮ್ಮ’ ಎನ್ನುತ್ತಾರೆ. ಹಾಸನ ಎಂದರೆ ಊರೋ, ಜಿಲ್ಲೆಯೋ, ಹಾಸನದ ಮಾರಾಟದ ಹುಡುಗ ಸುತ್ತುವ ಕಡೂರೂ ಸೇರಿಯೋ? ವಾಪಸ್ ಬಂದ ಮಾಲು ಕಳೆಯಬೇಕೋ? ಇದಕ್ಕೆಲ್ಲ ಹಸಿರು ಕೆಂಪು ಬಣ್ಣ ಇಲ್ಲ. ಈಗಂತೂ ಬೇಕಾದ್ದನ್ನು ಮಾತಿನಲ್ಲಿ ಹೇಳಿದರೆ ಕೃತಕ ಬುದ್ಧಿಮತ್ತೆ ಕ್ವೆರಿಯನ್ನೇ ಬ‌ರೆದುಕೊಡುತ್ತದೆ, ನಾನೂ ಬರೆಸಿಕೊಳ್ಳುತ್ತೇನೆ. ಬರೆದುಕೊಟ್ಟಿದ್ದರಲ್ಲಿ ದಿನಾಂಕದ ಪಕ್ಕ ‘ಬಿಟ್ವೀನ್’ ಇದೆಯೇ ಎಂದು ಕಣ್ಣು ಮೊದಲು ಅಲ್ಲಿಗೇ ಹೋಗುತ್ತದೆ.

ಮೊನ್ನೆ ನಮ್ಮ ತಂಡಕ್ಕೆ ಒಬ್ಬ ಹುಡುಗಿ ಬಂದಿದ್ದಾಳೆ, ಓದು ಮುಗಿಸಿ ಮೂರು ತಿಂಗಳಾಗಿದೆ. ನಾವು ಎಷ್ಟು ಊರುಗಳಿಗೆ ಮಾಲು ಕಳುಹಿಸುತ್ತೇವೆ ಎಂದು, ಬೇರೆ ಬೇರೆ ಹೆಸರುಗಳನ್ನಷ್ಟೇ ಎಣಿಸುವ ‘ಕೌಂಟ್ ಡಿಸ್ಟಿಂಕ್ಟ್’ ಹಾಕಿ ಕ್ವೆರಿ ಬರೆದು, ಓಡಿಸಲು ಬೆರಳೆತ್ತಿದಳು. ಅವಳ ಕೈ ಮೇಲೆ ಕೈಯಿಟ್ಟು ತಡೆದೆ. “ಎಷ್ಟು ಬರುತ್ತದೆ, ಮೊದಲು ಹೇಳು.” ಹಿಂದಿನ ದಿನ ತಾನೇ ಊರುವಾರು ಗುಂಪು ಹಾಕಿ ತೆಗೆದ ವರದಿ ಇಬ್ಬರ ಮುಂದೆಯೂ ಇತ್ತು, ಅದರಲ್ಲಿ ನಲವತ್ತೊಂದು ಸಾಲುಗಳಿದ್ದವು.

ಅವಳು ಪರದೆಯನ್ನೇ ನೋಡುತ್ತ ಸ್ವಲ್ಪ ಹೊತ್ತು ಸುಮ್ಮನಿದ್ದು, “ನಲವತ್ತು, ಅಕ್ಕ” ಎಂದಳು.

ನಲವತ್ತೊಂದು ಎಂದು ನಾನು ಮನಸ್ಸಿನಲ್ಲೇ ಒತ್ತಿಯಾಗಿತ್ತು. ಓಡಿಸು ಎಂದೆ.

ನಲವತ್ತು.

“ಗುಂಪು ಹಾಕುವಾಗ ಊರು ತುಂಬದ ಸಾಲುಗಳೆಲ್ಲ ಸೇರಿ ಒಂದು ಗುಂಪಾಗುತ್ತವೆ, ‘ಕೌಂಟ್ ಡಿಸ್ಟಿಂಕ್ಟ್’ ಅವುಗಳನ್ನು ಎಣಿಸುವುದಿಲ್ಲವಲ್ಲ ಅಕ್ಕ” ಎಂದು ವರದಿಯ ಮೊದಲ ಸಾಲನ್ನು ತೋರಿಸಿದಳು. ಊರಿನ ಹೆಸರಿರಬೇಕಾದ ಜಾಗದಲ್ಲಿ ನಲ್ ಎಂದಿತ್ತು. ನಾನು ಕುರ್ಚಿಯನ್ನು ಅವಳ ಪಕ್ಕಕ್ಕೆ ಎಳೆದುಕೊಂಡೆ.